ನೀರು ಬೈಕಿನ ಮೂಗರ್ಜಿ

ಸ್ಕೂಟರಿನ ಡಿಕ್ಕಿಯಲ್ಲಿ ಒದ್ದೆ ಪ್ಯಾಂಟು ಸಿಕ್ಕ ದಿನವೇ ಅನಂತಲಕ್ಷ್ಮಿಗೆ ಖಾತ್ರಿಯಾಯಿತು, ಗಂಡ ಏನನ್ನೋ ಮುಚ್ಚಿಡುತ್ತಿದ್ದಾರೆ ಅಂತ. ಪ್ಯಾಂಟೊಂದೇ ಅಲ್ಲ, ಬನಿಯನ್ನು, ಟವೆಲ್ಲು, ಎಲ್ಲವನ್ನೂ ಹಿಂಡಿ ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ತುರುಕಿದ್ದರು. ಬೆಳಿಗ್ಗೆ ಆರಕ್ಕೆ ಕೆರೆ ಏರಿ ಮೇಲೆ ವಾಕಿಂಗ್ ಅಂತ ಹೋಗುವ ಅರವತ್ಮೂರು ವರ್ಷದ ಮನುಷ್ಯನಿಗೆ ಬನಿಯನ್ ಸಮೇತ ಒದ್ದೆಯಾಗುವಂಥ ಕೆಲಸ ಏನಿರುತ್ತೆ, ನೀವೇ ಹೇಳಿ. ಹೋಗುವಾಗಲೂ ಬೂದು ಪ್ಯಾಂಟು, ಬರುವಾಗಲೂ ಬೂದು ಪ್ಯಾಂಟು. ಒಂದೇ ಬಣ್ಣದ ಎರಡು ಇಟ್ಟುಕೊಂಡು ಇಷ್ಟು ದಿನ ಅವಳ ಕಣ್ಣಿಗೆ ಮಣ್ಣೆರಚಿದ್ದರು.

ಅವಳ ಕಣ್ಣೋ, ಅಂಥಿಂಥದ್ದಲ್ಲ. ಮಾಗಡಿ ರೋಡಿನ ಸರ್ಕಾರಿ ಹೈಸ್ಕೂಲೊಂದರಲ್ಲಿ ಮೂವತ್ತೊಂದು ವರ್ಷ ಗಣಿತ ಪಾಠ ಮಾಡಿದವಳು. ಪರೀಕ್ಷೆ ದಿನ ಕಾಪಿ ಚೀಟಿ ಯಾರ ಸಾಕ್ಸಿನಲ್ಲಿದೆ, ಯಾರ ಬೆಲ್ಟಿನ ಹಿಂದಿದೆ ಅಂತ ಬಾಗಿಲಲ್ಲೇ ನಿಂತು ಹೇಳುತ್ತಿದ್ದಳು. ಹಾಗೆ ಅವಳ ಕೈಗೆ ಸಿಕ್ಕಿಬಿದ್ದವರಲ್ಲಿ ಹೇರೋಹಳ್ಳಿಯ ಮುನಿರಾಜು ಒಬ್ಬ. ತೊಡೆ ಮೇಲೆ ಸೂತ್ರ ಬರೆದುಕೊಂಡು ಬಂದಿದ್ದ, ಕತ್ತೆ ಬಡವ. ಈಗ ಆ ಮುನಿರಾಜುವಿಗೆ ನಲವತ್ತಾರು ವರ್ಷ, ಅಪ್ಪನ ರಾಗಿ ಹೊಲವೆಲ್ಲ ಸೈಟಾಗಿ ಮಾರಾಟವಾಗಿದೆ, ಕೊರಳಲ್ಲಿ ಕಿರುಬೆರಳು ದಪ್ಪದ ಚೈನು. ಒದ್ದೆ ಪ್ಯಾಂಟಿಗೂ ಈ ಮುನಿರಾಜುವಿಗೂ ಸಂಬಂಧ ಇದೆ ಅಂತಲೇ ಅವಳ ಅನುಮಾನ.

ವಿಷಯ ಏನಪ್ಪಾ ಅಂದರೆ, ಹೇರೋಹಳ್ಳಿ ದಾಟಿದರೆ ಸಿಗುವ ಬೈರಯ್ಯನ ಕೆರೆಯಲ್ಲಿ ಬೋಟಿಂಗ್ ನಡೆಸುವ ಗುತ್ತಿಗೆ ಮುನಿರಾಜುವಿಗೆ ಸಿಕ್ಕಿತ್ತು. ಪೆಡಲ್ ಬೋಟು, ಹುಟ್ಟು ಹಾಕುವ ದೋಣಿ ಇಷ್ಟಕ್ಕೇ ಸುಮ್ಮನಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವನು ಸಮುದ್ರದ ಕಡೆಯಿಂದ ಮೂರು ಹಳೇ ಜೆಟ್ ಸ್ಕೀ ಲಾರಿ ಮೇಲೆ ಹಾಕಿಸಿಕೊಂಡು ಬಂದ. ಊರಿನವರು ಅದನ್ನು ನೀರು ಬೈಕು ಅಂದರು. ನೋಡೋಕೂ ಹಾಗೇ ಇದೆ, ಸೀಟಿದೆ, ಹ್ಯಾಂಡಲ್ ಇದೆ, ಚಕ್ರ ಒಂದಿಲ್ಲ ಅಷ್ಟೆ. ಇಂಜಿನ್ ಇರುವ ಯಾವುದನ್ನೇ ನೀರಿಗಿಳಿಸಬೇಕಾದರೂ ತಪಾಸಣೆ ಆಗಬೇಕು, ನಂಬರು ಬರೆಸಬೇಕು, ದಡದಿಂದ ಇಷ್ಟು ದೂರ ಅಂತ ನೀರಲ್ಲಿ ತೇಲುಬುರುಡೆಯ ಗೆರೆ ಹಾಕಬೇಕು, ಆಮೇಲೆ ಪರವಾನಗಿ. ತಪಾಸಣೆ ಮಾಡಬಲ್ಲವರು ಬೆಂಗಳೂರಿನಲ್ಲಿ ಎಲ್ಲಿದ್ದಾರೆ? ಪರವಾನಗಿ ಕೊಡುವ ಕಚೇರಿಯವರು ಹುಡುಕಿ ಹುಡುಕಿ ಅನ್ನಪೂರ್ಣೇಶ್ವರಿ ನಗರಕ್ಕೆ ಬಂದು, ಬಂದರಿನ ಇಲಾಖೆಯಲ್ಲಿ ದೋಣಿ ಸರ್ವೇಯರ್ ಆಗಿ ನಿವೃತ್ತರಾಗಿದ್ದ ಇವಳ ಗಂಡ ಜಗನ್ನಾಥರನ್ನು ಹಿಡಿದರು. ಅವರ ವರದಿ ಮೇಲೆ ಎಲ್ಲ ನಿಂತಿತ್ತು.

ಅನಂತಲಕ್ಷ್ಮಿ ಅವತ್ತು ಎದೆಯುಬ್ಬಿಸಿಕೊಂಡು ಓಡಾಡಿದಳು. ಪಾರ್ಕಿನ ಹೆಂಗಸರಿಗೆಲ್ಲ ಹೇಳಿದಳು, ನಮ್ಮನೆಯವರು ಬಗ್ಗೋ ಆಸಾಮಿ ಅಲ್ಲ, ಆ ಮುನಿರಾಜು ಅವರ ಹತ್ತಿರ ಬಾಲ ಬಿಚ್ಚೋಕಾಗಲ್ಲ, ನೋಡ್ತಾ ಇರಿ. ಹೇಳಿದ್ದು ಹೇಳಿದಳು, ಮನೆಗೆ ಬಂದು ಕೂತ ಮೇಲೆ ಲೆಕ್ಕ ಹಾಕತೊಡಗಿದಳು. ಬಗ್ಗೋ ಆಸಾಮಿ ಅಲ್ಲ ಅಂತ ತನಗೆ ಹೇಗೆ ಗೊತ್ತು? ಮದುವೆಯಾಗಿ ಮೂವತ್ತೆಂಟು ವರ್ಷ ನಿಜ. ಅದರಲ್ಲಿ ಮೂವತ್ತು ವರ್ಷ ಅವರು ಹೊನ್ನಾವರ, ಮಲ್ಪೆ, ಕಾರವಾರ ಅಂತ ಅಲ್ಲಿ, ಇವಳು ಮಗಳನ್ನೂ ಕೆಲಸವನ್ನೂ ಕಟ್ಟಿಕೊಂಡು ಇಲ್ಲಿ. ತಿಂಗಳಿಗೆ ಎರಡು ಸಲ ಬಂದು ಹೋಗುವ ಗಂಡನನ್ನು ನೆಂಟರ ಹಾಗೆ ಉಪಚರಿಸಿದ್ದೇ ಬಂತು. ಅಲ್ಲಿ ಲಂಚ ಮುಟ್ಟಲಿಲ್ಲ ಅಂತ ಎಲ್ಲರೂ ಹೊಗಳಿದ್ದರು, ಸರಿ. ಆದರೆ ಮೀನೇ ತಿನ್ನದ ಮನುಷ್ಯನಿಗೆ ಮೀನುಗಾರರು ಕೊಡೋದಾದರೂ ಏನನ್ನ?

ಹೀಗೆ ಅವಳು ಕೂತು ಯೋಚಿಸುತ್ತಿರುವಾಗಲೇ ಅವರೆಕಾಯಿ ಬಂತು. ಡಿಸೆಂಬರಿನ ಮೊದಲ ಸೊಗಡು ಅವರೆ, ಎರಡು ಕೆಜಿಗೆ ಕಮ್ಮಿ ಇಲ್ಲ, ಕೈಗೆ ಎಣ್ಣೆ ಎಣ್ಣೆ ಅಂಟುವಂಥದ್ದು. ಜಗನ್ನಾಥರು ವಾಕಿಂಗಿನಿಂದ ತಂದು ಅಡುಗೆಮನೆ ಕಟ್ಟೆ ಮೇಲಿಟ್ಟರು. ಎಷ್ಟು ಕೊಟ್ರಿ ಅಂದಳು. ಮುನಿರಾಜು ತಾಯಿ ಕೊಟ್ಟರು, ಹಿತ್ತಲಲ್ಲಿ ಬೆಳೆದದ್ದಂತೆ, ಬೇಡ ಅಂದರೆ ಕೇಳಲಿಲ್ಲ ಅಂದರು. ಅಂದು, ಕಿಟಕಿ ಕಡೆ ತಿರುಗಿದರು. ಅಯ್ಯೋ ದೇವರೇ, ಮೀನಿಗೆ ಬಗ್ಗದವರು ಅವರೆಕಾಯಿಗೆ ಬಗ್ಗಿದರಲ್ಲ ಅಂದುಕೊಂಡಳು. ಆ ಕಾಳು ಸುಲಿಯುವಾಗ ಒಂದೊಂದು ಸಿಪ್ಪೆಯೂ ಅವಳಿಗೆ ಸಾಕ್ಷಿಯ ಹಾಗೆ ಕಂಡಿತು. ಹಿತಕವರೆ ಸಾರು ಅಂದರೆ ಪ್ರಾಣ ಬಿಡುವವಳು ಅವತ್ತು ಮಜ್ಜಿಗೆ ಅನ್ನ ಉಂಡು ಎದ್ದಳು.

ಅನುಮಾನ ಒಂದು ಸಲ ಒಳಗೆ ಬಂದರೆ ಅದಕ್ಕೆ ಕುರ್ಚಿ ಹಾಕಿಕೊಡಬೇಕಾಗಿಲ್ಲ, ತಾನೇ ಜಾಗ ಮಾಡಿಕೊಳ್ಳುತ್ತೆ. ಮಾರನೆಯ ದಿನವೇ ಡಿಕ್ಕಿಯಲ್ಲಿ ಪ್ಯಾಂಟು ಸಿಕ್ಕಿತ್ತು. ಅದಾದ ಎರಡು ದಿನಕ್ಕೆ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದವಳ ಕಿವಿಗೆ ಗಂಡ ಕೆಳಗೆ ಗೇಟಿನ ಹತ್ತಿರ ಫೋನಿನಲ್ಲಿ ಮಾತಾಡುವುದು ಬಿತ್ತು. ಅವರು ದನಿ ತಗ್ಗಿಸಿ ಹೇಳುತ್ತಿದ್ದರು, "ಮುನಿರಾಜು, ಇದು ನಮ್ಮಿಬ್ಬರಲ್ಲೇ ಇರಲಿ. ಮನೇಲಿ ಗೊತ್ತಾದ್ರೆ ನನ್ನ ಕಥೆ ಮುಗೀತು."

ಇನ್ನೇನು ಬೇಕು? ಅವಳು ಕ್ಲಿಪ್ಪನ್ನು ಬಾಯಲ್ಲಿ ಕಚ್ಚಿಕೊಂಡು ಹಾಗೇ ನಿಂತಳು. ನೇರವಾಗಿ ಕೇಳಿಬಿಡಬಹುದಿತ್ತು. ಆದರೆ ಕಾಪಿ ಹೊಡೆಯೋರನ್ನು ಕೇಳಿ ಯಾರಾದರೂ ಹಿಡಿದಿದ್ದುಂಟಾ? ಕೇಳಿದರೆ ಚೀಟಿ ನುಂಗುತ್ತಾರೆ. ಅವಳಿಗೆ ಸಿಟ್ಟಿಗಿಂತ ಭಯವೇ ಜಾಸ್ತಿಯಾಗಿತ್ತು. ನಾಳೆ ಆ ಹಾಳು ಯಂತ್ರ ಯಾರ ಮನೆ ಮಗುವನ್ನೋ ನೀರಿಗೆ ಕೆಡವಿದರೆ, ಪೇಪರಿನಲ್ಲಿ ಬರೋದು ಮುನಿರಾಜು ಹೆಸರಲ್ಲ, ಸಹಿ ಹಾಕಿದವರ ಹೆಸರು. ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡ ಮನುಷ್ಯ ಆ ಅವಮಾನ ತಡೆಯುತ್ತಾರಾ? ಸಹಿ ಹಾಕೋಕೆ ಮುಂಚೆ ಅವರನ್ನು ಆ ಕೆಲಸದಿಂದಲೇ ಬಿಡಿಸಿಬಿಟ್ಟರೆ ಹಾವೂ ಸಾಯುತ್ತೆ, ಕೋಲೂ ಮುರಿಯಲ್ಲ.

ಅದಕ್ಕೆ ಅವಳು ಹಿಡಿದ ದಾರಿ ನಮ್ಮ ಜನರ ಹಳೇ ದಾರಿಯೇ. ಪರವಾನಗಿ ಕಚೇರಿಗೆ ಮೂಗರ್ಜಿ ಬರೆದಳು. ಹೆಸರಿಲ್ಲ, ಊರಿಲ್ಲ, ಕೊನೆಯಲ್ಲಿ 'ನೊಂದ ನಾಗರಿಕರು' ಅಂತ ಬಹುವಚನ. ಅಕ್ಷರ ಗುರುತು ಸಿಗಬಾರದು ಅಂತ ಎಡಗೈಯಲ್ಲಿ ಬರೆದಳು, ಅರ್ಧ ಪುಟಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಸರ್ವೇಯರ್ ಜಗನ್ನಾಥ ಎಂಬುವರು ಗುತ್ತಿಗೆದಾರರಿಂದ ಉಡುಗೊರೆ ಪಡೆಯುತ್ತಿದ್ದಾರೆ, ಇಬ್ಬರ ನಡುವೆ ಗುಟ್ಟಿನ ಮಾತುಕತೆ ಇದೆ, ಅವರು ಕೊಡುವ ವರದಿಯನ್ನು ನಂಬದೆ ಬೇರೆಯವರಿಂದ ತಪಾಸಣೆ ಮಾಡಿಸಬೇಕು. ಇಷ್ಟು. ಬರೆಯುವಾಗ ಮೂವತ್ತೊಂದು ವರ್ಷದ ಅಭ್ಯಾಸ ಸುಮ್ಮನಿರಬೇಕಲ್ಲ. ಮೇಲೆ 'ದತ್ತ', ಅದರ ಕೆಳಗೆ 'ಸಾಧನೀಯ', ಆಮೇಲೆ 'ಸಾಧನೆ' ಅಂತ ರೇಖಾಗಣಿತದ ಪ್ರಮೇಯದ ಹಾಗೇ ಇಳಿಸಿದ್ದಳು. ಅದು ಅವಳ ಗಮನಕ್ಕೂ ಬರಲಿಲ್ಲ. ಮಂಗಳವಾರ ವಿಜಯನಗರದವರೆಗೂ ಬಸ್ಸಿನಲ್ಲಿ ಹೋಗಿ ಅಲ್ಲಿನ ಪೋಸ್ಟ್ ಡಬ್ಬಿಗೆ ಹಾಕಿ ಬಂದಳು.

ಹದಿನಾಲ್ಕು ದಿನಕ್ಕೆ ಕಚೇರಿಯಿಂದ ಕವರು ಬಂತು. ಜಗನ್ನಾಥರು ವರಾಂಡದಲ್ಲಿ ನಿಂತೇ ಓದಿದರು, ಮಡಿಸಿದರು, ಮತ್ತೆ ಬಿಚ್ಚಿ ಓದಿದರು. ಒಳಗೆ ಬಂದು ಊಟದ ಮೇಜಿನ ಮೇಲಿಟ್ಟು, ನನ್ನ ವರದಿ ಕೈಬಿಟ್ಟಿದ್ದಾರೆ, ಬೇರೆಯವರನ್ನ ನೇಮಿಸಿದ್ದಾರೆ ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸುಸ್ತಿತ್ತು. ಅನಂತಲಕ್ಷ್ಮಿಗೆ ಒಳಗೊಳಗೇ ಸಮಾಧಾನ, ಸದ್ಯ, ಸಹಿಗೆ ಬೆಲೆ ಹೋಯ್ತು, ಮನುಷ್ಯ ಉಳಿದರು ಅಂತ. ಅವರು ಸ್ನಾನಕ್ಕೆ ಹೋದ ಮೇಲೆ ಕವರಿನೊಳಗಿದ್ದ ಕಾಗದವನ್ನೆಲ್ಲ ಎಳೆದು ಓದೋಕೆ ಕೂತಳು. ಮೇಲೆ ಕಚೇರಿಯ ಪತ್ರ. ಅದರ ಕೆಳಗೆ ಅವಳದೇ ಮೂಗರ್ಜಿಯ ಜೆರಾಕ್ಸು. ಎಲ್ಲಕ್ಕಿಂತ ಕೆಳಗೆ ಜಗನ್ನಾಥರ ವರದಿಯ ಪ್ರತಿ. ಅದರ ಮೇಲಿನ ತಾರೀಕು ಸೋಮವಾರದ್ದು, ಅವಳು ಮೂಗರ್ಜಿ ಹಾಕಿದ್ದಕ್ಕೆ ಒಂದು ದಿನ ಮುಂಚೆಯದು.

ವರದಿಯ ಮೊದಲ ಸಾಲಿನಲ್ಲೇ 'ಪರವಾನಗಿ ನೀಡಬಾರದು' ಅಂತ ಇತ್ತು.

ಅವಳು ಕನ್ನಡಕ ಒರೆಸಿಕೊಂಡು ಓದಿದಳು. ಈ ಗಾಡಿಗಳ ಹ್ಯಾಂಡಲಿನಲ್ಲಿ ಒಂದು ಕೆಂಪು ಗುಂಡಿ ಇರುತ್ತದೆ. ಗುಂಡಿಯ ಬುಡಕ್ಕೆ ಒಂದು ಕ್ಲಿಪ್ಪು, ಕ್ಲಿಪ್ಪಿನಿಂದ ಒಂದು ಹುರಿ ಓಡಿಸುವವನ ಮಣಿಕಟ್ಟಿಗೆ. ಅವನು ನೀರಿಗೆ ಬಿದ್ದರೆ ಹುರಿ ಎಳೆದು ಕ್ಲಿಪ್ಪು ಕಳಚಬೇಕು, ಗುಂಡಿ ಒಳಗೆ ಕೂತು ಇಂಜಿನ್ ಅಲ್ಲೇ ನಿಲ್ಲಬೇಕು. ಇಲ್ಲದಿದ್ದರೆ ಯಂತ್ರ ತನ್ನಷ್ಟಕ್ಕೆ ತಾನೇ ಸುತ್ತುತ್ತದೆ, ಬಿದ್ದವನ ಮೇಲೇ ಬರಬಹುದು. 'ಇದನ್ನು ದಡದಲ್ಲಿ ನಿಂತು ಪರೀಕ್ಷಿಸಲು ಬರುವುದಿಲ್ಲವಾದ್ದರಿಂದ ನಾನೇ ಜೀವರಕ್ಷಕ ಅಂಗಿ ತೊಟ್ಟು, ಬೇರೆ ಬೇರೆ ದಿನಗಳಲ್ಲಿ ಒಂದೊಂದು ಗಾಡಿಯಿಂದಲೂ ನೀರಿಗೆ ಬಿದ್ದು ನೋಡಿದ್ದೇನೆ' ಅಂತ ಬರೆದಿದ್ದರು ಆ ಪುಣ್ಯಾತ್ಮರು. ಎರಡು ಗಾಡಿ ನಿಂತವು. ಮೂರನೆಯದು ನಿಲ್ಲಲಿಲ್ಲ. ಸುತ್ತು ಹಾಕಿಕೊಂಡು ಅವರ ಕಡೆಗೇ ಬಂತು, ಮಾರು ದೂರದಲ್ಲಿ ಪಕ್ಕಕ್ಕೆ ಹೋಯಿತು. ಆಮೇಲೆ ನೋಡಿದರೆ ಆ ಗಾಡಿಯ ಪೂಜೆ ಮಾಡಿದಾಗ ದೃಷ್ಟಿಯಾಗಬಾರದು ಅಂತ ಕಟ್ಟಿದ ಕಪ್ಪು ದಾರ ಕೆಂಪು ಗುಂಡಿಯ ಬುಡಕ್ಕೇ ಏಳೆಂಟು ಸುತ್ತು ಬಿಗಿದುಕೊಂಡಿತ್ತು. ಕ್ಲಿಪ್ಪು ಹೋದರೂ ಗುಂಡಿ ಒಳಗೆ ಹೋಗುವ ಹಾಗಿರಲಿಲ್ಲ. ದೇವರ ದಾರ, ಕತ್ತರಿಸುವುದಿಲ್ಲ ಅಂತ ಗುತ್ತಿಗೆದಾರರು ಹೇಳಿದ್ದರಿಂದ ಪರವಾನಗಿಗೆ ಶಿಫಾರಸು ಮಾಡಲಾಗುವುದಿಲ್ಲ.

ಸ್ಟೆಂಟ್ ಹಾಕಿಸಿಕೊಂಡ ಮನುಷ್ಯ ಡಿಸೆಂಬರಿನ ಚಳಿಯಲ್ಲಿ ಮೂರು ಸಲ ಕೆರೆಗೆ ಬಿದ್ದಿದ್ದಾರೆ. ಮನೆಯಲ್ಲಿ ಗೊತ್ತಾಗಬಾರದು ಅಂದಿದ್ದು ಅದು. ಗೊತ್ತಾಗಿದ್ದರೆ ಅವಳು ನಿಜವಾಗಿಯೂ ಅವರ ಕಥೆ ಮುಗಿಸುತ್ತಿದ್ದಳು. ಅನಂತಲಕ್ಷ್ಮಿ ಕಾಗದಗಳನ್ನು ಇದ್ದ ಹಾಗೇ ಜೋಡಿಸಿ ಕವರಿಗೆ ಹಾಕಿಟ್ಟಳು. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿ ಹಾಕಿಕೊಂಡಿದ್ದರೆ ಹೇಗೋ ಸಹಿಸಬಹುದಿತ್ತು, ಇವಳು ಹಾಕಿದ್ದು ಗಂಡನ ಕಾಲ ಮೇಲೆ.

ಆ ಸಂಜೆಯೇ ಮುನಿರಾಜು ಮೈಸೂರುಪಾಕಿನ ಡಬ್ಬಿ ಹಿಡಿದು ಬಂದ. ಗುರುವಿನ ಕಾಲಿಗೆ ಬಗ್ಗಿ ನಮಸ್ಕಾರ ಮಾಡಿದ. ಹೊಸ ತಪಾಸಣೆಯವರು ಅರ್ಧ ಗಂಟೆಯಲ್ಲಿ ನೋಡಿ, ಟೀ ಕುಡಿದು, ಸಹಿ ಹಾಕಿಹೋದರಂತೆ. ಭಾನುವಾರ ಶುರು, ಮೊದಲ ರೌಂಡು ಅವನ ಮಗ ಜೀವನ್‌ದು, ಅದೂ ಅಜ್ಜಿ ದಾರ ಕಟ್ಟಿದ ಮೂರನೇ ಗಾಡಿಯಲ್ಲೇ. ಸಾರ್ ಮೇಲೆ ತನಗೇನೂ ಬೇಜಾರಿಲ್ಲ, ದಂಪತಿ ಇಬ್ಬರೂ ಬರಲೇಬೇಕು ಅಂದ. ಜಗನ್ನಾಥರು ಮತ್ತೆ ದಾರದ ಮಾತೆತ್ತಿದರೆ, ದೇವಿ ಕಾಯ್ತಾಳೆ ಬಿಡಿ ಸಾರ್ ಅಂದುಬಿಟ್ಟ.

ಹೊರಡುವಾಗ ಡಬ್ಬಿಯನ್ನು ಅವಳ ಕೈಗಿಟ್ಟು ಹೇಳಿದ, "ಯಾವ ಪುಣ್ಯಾತ್ಮ ಆ ಕಾಗದ ಬರೆದನೋ ಮೇಡಂ, ಅವನ ಹೊಟ್ಟೆ ತಣ್ಣಗಿರಲಿ. ಮೂಗರ್ಜಿ ಬಂದ್ರೆ ಕಸದ ಬುಟ್ಟಿಗೆ ಹಾಕ್ತಾರಂತೆ. ನಮ್ಮ ಅದೃಷ್ಟಕ್ಕೆ ಇದನ್ನ ಫೈಲಿಗೆ ಹಾಕಿದ್ರು."

ಅವನು ಹೋದ ಮೇಲೆ ಡಬ್ಬಿ ಅವಳ ಕೈಯಲ್ಲೇ ಇತ್ತು. ಜಗನ್ನಾಥರು ಟಿವಿ ಹಾಕೋಕೆ ರಿಮೋಟು ಹುಡುಕುತ್ತಿದ್ದರು.

"ರೀ," ಅಂದಳು. "ಅದನ್ನ ಬರೆದದ್ದು ನಾನು."

"ಗೊತ್ತು," ಅಂದರು ಅವರು. "ಈ ಊರಲ್ಲಿ ಮೂಗರ್ಜಿಗೆ ದತ್ತ, ಸಾಧನೀಯ ಅಂತ ಇನ್ಯಾರು ಬರೀತಾರೆ?"

ಅವಳು ಏನೇನೋ ಹೇಳಿದಳು. ಪ್ಯಾಂಟು, ಅವರೆಕಾಯಿ, ಫೋನು, ಸ್ಟೆಂಟು, ಭಯ. ಎಲ್ಲವನ್ನೂ ಅವರು ತಲೆ ತಗ್ಗಿಸಿ ಕೇಳಿದರು. ತಾನು ಮುಚ್ಚಿಟ್ಟದ್ದೂ ತಪ್ಪೇ ಅಂತ ಒಪ್ಪಿಕೊಂಡರು. ಆಮೇಲೆ ಕೇಳಿದರು, "ಒಂದ್ಸಲ ನನ್ನನ್ನೇ ಕೇಳಬೇಕು ಅನ್ನಿಸಲಿಲ್ವೇನೇ?"

ಮಾರನೆಯ ದಿನ ಕಚೇರಿ ಬಾಗಿಲು ತೆಗೆಯೋ ಹೊತ್ತಿಗೆ ಅವಳು ಅಲ್ಲಿದ್ದಳು. ಈ ಸಲ ಬಲಗೈಯಲ್ಲಿ ಬರೆದು, ಹೆಸರು, ವಿಳಾಸ, ಫೋನ್ ನಂಬರು ಹಾಕಿ, ಸಹಿ ಮಾಡಿ ತಂದಿದ್ದಳು. ಹಿಂದಿನ ಅರ್ಜಿ ನನ್ನದು, ಅದರಲ್ಲಿರುವುದೆಲ್ಲ ನನ್ನ ತಪ್ಪು ಕಲ್ಪನೆ, ನನ್ನ ಗಂಡನ ವರದಿಯನ್ನು ಎತ್ತಿಹಿಡಿಯಬೇಕು ಅಂತ. ಅಧಿಕಾರಿ ಸಣ್ಣ ವಯಸ್ಸಿನವನು, ಮರ್ಯಾದೆಯಾಗಿ ಕೂರಿಸಿದ, ಓದಿದ, ಪಾಪ ಅನ್ನೋ ಹಾಗೆ ನೋಡಿದ. ಹೊಸ ವರದಿ ಬಂದಾಗಿದೆ, ಪರವಾನಗಿ ಹೋಗಾಗಿದೆ, ಇದನ್ನ ಬೇಕಾದರೆ ಫೈಲಿಗೆ ಸೇರಿಸ್ತೀನಿ ಅಂದ. ಅವಳು ಬಿಡಲಿಲ್ಲ, ಹೆಸರಿಲ್ಲದ ಕಾಗದ ನಂಬಿದ್ರಿ, ಹೆಸರಿರೋದನ್ನ ಯಾಕೆ ನಂಬಲ್ಲ ಅಂತ ಹಿಡಿದು ಕೂತಳು.

"ಮೇಡಂ, ತಪ್ಪು ತಿಳೀಬೇಡಿ," ಅಂದ ಅವನು. "ಗಂಡನ್ನ ಉಳಿಸೋಕೆ ಹೆಂಡತಿ ಏನು ಬೇಕಾದರೂ ಬರೀಬಹುದು ಅಂತ ಯಾರಿಗಾದ್ರೂ ಅನುಮಾನ ಬರಲ್ವಾ?"

ಅನುಮಾನಕ್ಕೆ ಏನು ಬೆಲೆ ಅಂತ ಅವಳಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಎದ್ದು ಬಂದಳು. ಆಟೋ ಹಿಡಿದು ನೇರ ಹೇರೋಹಳ್ಳಿಗೆ ಹೋದಳು.

ಮುನಿರಾಜು ತಾಯಿ ಮುನಿಲಕ್ಷ್ಮಮ್ಮ ಮನೆ ಮುಂದಿನ ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಎಪ್ಪತ್ತೈದರ ಹೆಂಗಸು, ಗಟ್ಟಿ ಜೀವ. ಟೀಚರಮ್ಮನನ್ನು ಕೂರಿಸಿ ನೀರು ಕೊಟ್ಟರು. ಅನಂತಲಕ್ಷ್ಮಿ ಸುತ್ತು ಬಳಸಲಿಲ್ಲ, ದಾರದ ವಿಷಯ ಹೇಳಿದಳು. ಮುದುಕಿಯ ಮುಖ ಗಂಟಾಯಿತು. ಅಣ್ಣಮ್ಮ ದೇವಿ ಗುಡಿಯಲ್ಲಿ ಪೂಜೆ ಮಾಡಿಸಿ ತಂದ ದಾರ, ಮೊಮ್ಮಗ ಹತ್ತೋ ಗಾಡಿ ಅಂತ ತಾನೇ ಕೈಯಾರೆ ಸುತ್ತಿದ್ದು. ಆ ಕೆಂಪು ಗುಂಡಿ ದೇವಿ ಕುಂಕುಮದ ಹಾಗೆ ಕಂಡಿತು, ಅದಕ್ಕೇ ಅಲ್ಲಿ ಕಟ್ಟಿದೆ ಅಂದರು. ಆಮೇಲೆ ಕಣ್ಣು ಕಿರಿದು ಮಾಡಿ ಇವಳನ್ನೇ ನೋಡಿದರು. ನಿಮ್ಮ ಯಜಮಾನರು ಬೇಡ ಅಂದ್ರು, ಆಗಲಿಲ್ಲ, ಈಗ ನಿಮ್ಮನ್ನ ಕಳಿಸಿದ್ದಾರೆ, ನನ್ನ ಮಗ ಉದ್ಧಾರ ಆಗೋದು ನಿಮಗೆ ಬೇಕಾಗಿಲ್ಲ ಅಂತ ಮುಖಕ್ಕೇ ಅಂದರು. ಅನುಮಾನದ ಕಣ್ಣು ಎದುರಿಗೆ ಕೂತು ನೋಡಿದರೆ ಹೇಗಿರುತ್ತೆ ಅಂತ ಅನಂತಲಕ್ಷ್ಮಿ ಮೊದಲ ಸಲ ಕಂಡಳು.

"ನನ್ನ ಮಾತು ನಂಬಬೇಡಿ ಅಮ್ಮ," ಅಂದಳು. "ಬನ್ನಿ, ನಿಮ್ಮ ಕಣ್ಣಾರೆ ನೋಡಿ. ಆಮೇಲೆ ನಿಮ್ಮಿಷ್ಟ."

ಮುದುಕಿ ಗೊಣಗಿಕೊಂಡೇ ಎದ್ದು ಬಂದರು. ಕೆರೆ ದಡದಲ್ಲಿ ಮೂರು ಗಾಡಿಯನ್ನೂ ಹಗ್ಗದಿಂದ ಕಟ್ಟಿ ನೀರಲ್ಲಿ ನಿಲ್ಲಿಸಿದ್ದರು, ಕಾವಲಿಗೆ ಮರಿಯಪ್ಪ ಅನ್ನೋ ಕೆಲಸದವನಿದ್ದ. ಯಜಮಾನಿ ಹೇಳಿದ್ದಕ್ಕೆ ಅವನು ಮೊದಲನೇ ಗಾಡಿ ಸ್ಟಾರ್ಟ್ ಮಾಡಿ, ಕೈಗೆ ಹುರಿ ಕಟ್ಟಿಕೊಂಡು ಜಗ್ಗಿದ. ಕ್ಲಿಪ್ಪು ಕಳಚಿತು, ಇಂಜಿನ್ ನಿಂತಿತು. ಎರಡನೆಯದೂ ನಿಂತಿತು. ಮೂರನೆಯದನ್ನು ಸ್ಟಾರ್ಟ್ ಮಾಡಿ ಜಗ್ಗಿದ. ಕ್ಲಿಪ್ಪು ಅವನ ಕೈಯಲ್ಲಿ ಜೋತಾಡುತ್ತಿತ್ತು, ಗಾಡಿ ಗುರ್ ಗುರ್ ಅಂತ ಹಗ್ಗ ಎಳೆಯುತ್ತಲೇ ಇತ್ತು. ಮುನಿಲಕ್ಷ್ಮಮ್ಮ ದಡದ ಅಂಚಿಗೆ ಬಂದರು. ಬಿದ್ದೋನು ಜೀವನ್ ಆಗಿದ್ರೆ ಇದು ಎಲ್ಲಿಗೆ ಬರ್ತಿತ್ತು ಅಂತ ಮರಿಯಪ್ಪನನ್ನು ಕೇಳಿದರು. ಅವನು ಕೈಯಿಂದ ಗಾಳಿಯಲ್ಲಿ ಒಂದು ಸುತ್ತು ಎಳೆದು, ತಾನು ನಿಂತ ಜಾಗಕ್ಕೇ ಬೆರಳು ತೋರಿಸಿದ. ಮುದುಕಿ ಸೀರೆ ಎತ್ತಿ ಕಟ್ಟಿ ಮೊಣಕಾಲು ನೀರಿಗಿಳಿದು, ಕಟ್ಟಿದ ಕೈಯಿಂದಲೇ ಒಂದೊಂದೇ ಸುತ್ತು ಬಿಚ್ಚಿ, ಆ ದಾರವನ್ನು ಕಣ್ಣಿಗೊತ್ತಿಕೊಂಡು ಸೆರಗಿನಲ್ಲಿ ಗಂಟು ಹಾಕಿಕೊಂಡರು. ಗಾಡಿ ಆಗ ನಿಂತಿತು.

ಭಾನುವಾರ ಜೀವನ್ ಎರಡು ಸಲ ಬಿದ್ದನಂತೆ, ಎರಡು ಸಲವೂ ನಗುತ್ತಾ ಎದ್ದನಂತೆ. ಪಾರ್ಕಿನ ಹೆಂಗಸರು ಬಂದು ಹೇಳಿದರು. ಹಾಗೇ ಇನ್ನೊಂದನ್ನೂ ಹೇಳಿದರು, ನಿಮ್ಮ ಯಜಮಾನರ ಮೇಲೆ ಯಾರೋ ಏನೋ ಬರೆದಿದ್ದರಂತಲ್ಲ ಅಂತ. ನಾನೇ ಬರೆದೆ ಅಂದಳು ಅನಂತಲಕ್ಷ್ಮಿ. ಅವರು ಮುಖ ಮುಖ ನೋಡಿಕೊಂಡರು. ಗಂಡನ ತಪ್ಪು ಮುಚ್ಚೋಕೆ ಹೇಳ್ತಿದಾಳೆ ಅನ್ನೋದು ಅವರ ಕಣ್ಣಲ್ಲೇ ಬರೆದಿತ್ತು. ಫೈಲಿನಲ್ಲಿ ಜಗನ್ನಾಥರ ಹೆಸರಿನ ಮುಂದೆ ಬಿದ್ದ ಮಾತು ಇವತ್ತಿಗೂ ಹಾಗೇ ಇದೆ.

ಜಗನ್ನಾಥರು ಒಂದು ದಿನವೂ ಬೈಯಲಿಲ್ಲ. ಮಾತು ಬಿಡಲಿಲ್ಲ. ಆದರೆ ಅವತ್ತಿನಿಂದ ಎಲ್ಲಿಗೆ ಹೊರಟರೂ ಬಾಗಿಲಲ್ಲಿ ನಿಂತು ಲೆಕ್ಕ ಒಪ್ಪಿಸುವ ಅಭ್ಯಾಸ ಮಾಡಿಕೊಂಡರು. ಹಾಲಿನ ಬೂತಿಗೆ ಹೋಗ್ತೀನಿ, ಅಲ್ಲಿಂದ ಗೆಳೆಯ ಸುಧೀಂದ್ರನ ಮನೆಗೆ, ಅಲ್ಲಿ ಹತ್ತು ನಿಮಿಷ, ಫೋನು ಬಂದಿದ್ದು ಬ್ಯಾಂಕಿನದು, ಬೇಕಾದ್ರೆ ನೋಡು. ಕುಹಕ ಇಲ್ಲ, ಕೊಂಕಿಲ್ಲ, ಪರೀಕ್ಷೆ ಹಾಲಿಗೆ ಬರುವ ಒಳ್ಳೇ ಹುಡುಗ ಜೇಬು ತೋರಿಸುವ ಹಾಗೆ. ಬೇಡ ಕಣ್ರೀ, ಹೇಳಬೇಡಿ ಅಂತ ಅವಳು ಒಂದು ಸಲ ಅತ್ತೇಬಿಟ್ಟಳು. ಸರಿ ಅಂದರು. ಮಾರನೆಯ ದಿನ ಮತ್ತೆ ಹೇಳಿದರು.

ಇವತ್ತು ಬೆಳಿಗ್ಗೆಯೂ ಚಪ್ಪಲಿ ಮೆಟ್ಟಿಕೊಂಡು, "ಕೆರೆಗೆ ಹೋಗಲ್ಲ, ಪಾರ್ಕಿಗೆ. ಏಳೂ ಹತ್ತಕ್ಕೆ ಬರ್ತೀನಿ," ಅಂದರು. ನಿಧಾನವಾಗಿ ಹೋಗಿ ಬನ್ನಿ, ನಾನೇನೂ ಕೇಳಲಿಲ್ಲವಲ್ಲ ಅಂದಳು ಅನಂತಲಕ್ಷ್ಮಿ. ಗೇಟು ಹಾಕಿದ ಸದ್ದಾಯಿತು. ಒಲೆ ಮೇಲೆ ಹಾಲಿಟ್ಟು ತಿರುಗಿದವಳ ಕಣ್ಣು ತಾನಾಗಿ ಗೋಡೆಯ ಗಡಿಯಾರಕ್ಕೆ ಹೋಯಿತು, ಆರೂ ಇಪ್ಪತ್ತೆರಡು ಅಂತ ಗುರುತಿಟ್ಟುಕೊಂಡಿತು.